ಮರೆವು ಬಂದವರ ಕೈಗೆ ಕೆಲಸ



‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಕೇಳದವರು ಕನ್ನಡನಾಡಿನಲ್ಲಿ ಇರಲಾರರು. ನನಗೂ ಈಗ ಅರವತ್ತು ತುಂಬಿರುವುದರಿಂದ, ಸಂತೆಗೆ ಹೋಗಿ ನಾಲ್ಕು ಪದಾರ್ಥಗಳಲ್ಲಿ ಒಂದನ್ನು ಮರೆತು ಬಂದ ದಿನ ಮನೆಯ ಮಕ್ಕಳು ಈ ಗಾದೆಯನ್ನು ಹೇಳಿ ನಗುವುದುಂಟು; ನಾನೂ ಅವರೊಡನೆ ನಗುತ್ತೇನೆ. ಆದರೆ ಈ ಗಾದೆಯಿಂದ ಒಂದು ಕೇಡೂ ಆಗಿದೆ. ಮುಪ್ಪೆಂದರೆ ಮರೆವೇ ಎಂದು ಜನರು ತಿಳಿದುಬಿಟ್ಟಿದ್ದಾರೆ. ಸಂತೆಯಲ್ಲಿ ಒಂದು ಪದಾರ್ಥವನ್ನು ಮರೆತು ಬರುವುದು ವಯೋಧರ್ಮ. ಐವತ್ತು ವರ್ಷ ನಡೆದ ಸಂತೆಯ ದಾರಿಯಲ್ಲಿಯೇ ಮನೆ ಎತ್ತಲೆಂದು ತಿಳಿಯದೆ ನಿಂತುಬಿಡುವುದು ವಯೋಧರ್ಮವಲ್ಲ, ಅದು ರೋಗ. ಈ ಎರಡರ ಭೇದವನ್ನು ಅರಿಯದೆ ಎಷ್ಟೋ ಮನೆಗಳಲ್ಲಿ ಹಿರಿಯರನ್ನು ಗದರಿಸುವುದೂ, ಹಾಸ್ಯಮಾಡುವುದೂ, ಕಡೆಗೆ ಒಂದು ಮೂಲೆಯಲ್ಲಿ ಕುಳ್ಳಿರಿಸಿ ಸುಮ್ಮನಾಗುವುದೂ ನಡೆದಿದೆ. ಹಾಗೆ ಕುಳ್ಳಿರಿಸಲ್ಪಟ್ಟವರು ತಮ್ಮ ಹಗಲನ್ನು ಹೇಗೆ ಕಳೆಯಬೇಕೆಂಬುದೇ ಈ ತಿಂಗಳಿನ ವಿಷಯ.

ಈ ರೋಗಸ್ಥಿತಿಯನ್ನು ವೈದ್ಯರು ಡಿಮೆನ್ಷಿಯಾ ಎಂದು ಕರೆಯುತ್ತಾರೆ. ಇದು ಒಂದೇ ರೋಗವಲ್ಲ. ಮೆದುಳಿಗೆ ಬರತಕ್ಕ ಹಲವು ರೋಗಗಳ ಫಲ. ಅವುಗಳಲ್ಲಿ ಹೆಚ್ಚಾಗಿ ಕಾಣುವುದು ಆಲ್ಜೈಮರ್ ರೋಗ. ಜರ್ಮನಿಯ ವೈದ್ಯನಾದ ಆಲೋಯ್ಸ್ ಆಲ್ಜೈಮರನು ೧೯೦೧ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಐವತ್ತೊಂದು ವರ್ಷದ ಒಬ್ಬ ಹೆಂಗಸನ್ನು ನೋಡಿದನು. ಆಕೆ ತೀರಿಕೊಂಡ ಬಳಿಕ ಅವಳ ಮೆದುಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ೧೯೦೬ರ ನವೆಂಬರಿನಲ್ಲಿ ಅದರ ವಿವರವನ್ನು ವೈದ್ಯರ ಸಭೆಯ ಮುಂದಿಟ್ಟನು. ಆಕೆಯ ವಯಸ್ಸು ಐವತ್ತೊಂದೆಂಬುದನ್ನು ಗಮನಿಸಬೇಕು. ನಮ್ಮ ದೇಶದಲ್ಲಿ ಅರವತ್ತು ದಾಟಿದವರನ್ನು ಕುರಿತು ೨೦೨೩ರಲ್ಲಿ ಪ್ರಕಟವಾದ ಲೆಕ್ಕದಂತೆ, ನೂರಕ್ಕೆ ೭.೪ ಮಂದಿಗೆ, ಎಂದರೆ ಸುಮಾರು ೮೮ ಲಕ್ಷ ಜನರಿಗೆ, ಈ ಸ್ಥಿತಿಯುಂಟು. ಪಟ್ಟಣಕ್ಕಿಂತ ಹಳ್ಳಿಗಳಲ್ಲಿಯೂ, ಗಂಡಸರಿಗಿಂತ ಹೆಂಗಸರಲ್ಲಿಯೂ ಇದು ಹೆಚ್ಚು. ಆದುದರಿಂದ ಇದು ಬೆಂಗಳೂರಿನವರ ರೋಗ, ನಮ್ಮ ಹಳ್ಳಿಗಳದಲ್ಲವೆಂದು ಯಾರೂ ನೆಮ್ಮದಿಯಿಂದಿರುವಂತಿಲ್ಲ.

ಮುಂದೆ ಹೇಳುವುದಕ್ಕೆ ಮೊದಲು ಒಂದು ಎಚ್ಚರಿಕೆ. ಮನೆಯ ಹಿರಿಯರಿಗೆ ಮರೆವು ಹೆಚ್ಚಾಯಿತೆಂದು ಕಂಡರೆ ಮೊದಲು ವೈದ್ಯರಿಗೆ ತೋರಿಸಬೇಕು. ಥೈರಾಯಿಡ್ ಗ್ರಂಥಿಯ ಕೊರತೆ, ಬಿ-೧೨ ಎಂಬ ಜೀವಸತ್ತ್ವದ ಕೊರತೆ, ಮನಸ್ಸಿನ ಖಿನ್ನತೆ, ತಲೆಗೆ ಬಿದ್ದ ಪೆಟ್ಟು, ಕೆಲವು ಔಷಧಗಳು, ಇವುಗಳಿಂದಲೂ ಮರೆವು ಬರುವುದುಂಟು; ಇವಕ್ಕೆ ಚಿಕಿತ್ಸೆಯಿದೆ. ಒಂದೆರಡು ದಿನಗಳಲ್ಲಿಯೇ ಬುದ್ಧಿ ತಪ್ಪಿದಂತಾದರೆ, ಅದು ಜ್ವರದಿಂದಲೋ ಮೂತ್ರದ ಸೋಂಕಿನಿಂದಲೋ ಆಗಿರಬಹುದು. ಒಡನೆಯೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಕಿವಿ ಮಂದವಾದವರು ತಪ್ಪು ಉತ್ತರ ಕೊಟ್ಟರೆ ಅದನ್ನು ಮರೆವೆಂದು ಎಣಿಸುವ ಪ್ರಮಾದವೂ ಆಗುತ್ತದೆ. ಇವೆಲ್ಲವನ್ನೂ ಕಳೆದು, ರೋಗವು ಆಲ್ಜೈಮರ್ ಮೊದಲಾದುದೇ ಎಂದು ನಿಶ್ಚಯವಾದಲ್ಲಿ, ಅದನ್ನು ಬುಡಸಹಿತ ಕೀಳುವ ಔಷಧವು ಇಂದಿಗೂ ಇಲ್ಲ. ಆಗ ಉಳಿಯುವ ಪ್ರಶ್ನೆಯೊಂದೇ: ಇರುವ ದಿನಗಳನ್ನು ಇವರು ನೆಮ್ಮದಿಯಿಂದ, ಮಾನದಿಂದ ಕಳೆಯುವುದು ಹೇಗೆ?

ಇನ್ನು ನನ್ನ ಸ್ವಂತ ಮನೆಯ ಮಾತು. ನಮ್ಮ ಊರು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು. ನಮ್ಮ ತಾಯಿಯವರಿಗೆ ಈಗ ಎಂಬತ್ತು ದಾಟಿದೆ. ನಸುಕಿನಲ್ಲಿ ಎದ್ದು ಕೊಟ್ಟಿಗೆಯ ಕೆಲಸ, ಹೊತ್ತೇರಿದ ಮೇಲೆ ಹೊಲದ ಕೆಲಸ, ಸಣ್ಣ ಈರುಳ್ಳಿ ಕೀಳುವ ಕಾಲಕ್ಕೆ ಈರುಳ್ಳಿ, ಅರಿಸಿನ ಬೇಯಿಸುವ ಕಾಲಕ್ಕೆ ಅರಿಸಿನ, ಹೀಗೆ ಅವರ ಕೈ ಸುಮ್ಮನಿದ್ದುದನ್ನು ನಾನು ಕಂಡವನಲ್ಲ. ಐದು ವರ್ಷಗಳ ಕೆಳಗೆ ಸಾರಿಗೆ ಎರಡು ಸಲ ಉಪ್ಪು ಬೀಳಲು ಮೊದಲಾಯಿತು. ಬಳಿಕ ಒಂದೇ ಮಾತನ್ನು ಗಳಿಗೆಗೊಮ್ಮೆ ಕೇಳುವುದು, ಎಂದೋ ತೀರಿಕೊಂಡ ನಮ್ಮ ತಂದೆಯವರು ಇನ್ನೂ ಹೊಲದಿಂದ ಬರಲಿಲ್ಲವೆಂದು ಊಟ ಮಾಡದೆ ಕಾಯುವುದು, ಇವು ಕಂಡುಬಂದುವು. ವೈದ್ಯರು ಪರೀಕ್ಷಿಸಿ ರೋಗದ ಹೆಸರನ್ನು ಹೇಳಿದರು.

ಮೂವತ್ತೈದು ವರ್ಷ ಮಕ್ಕಳಿಂದ ಸಂಸ್ಕೃತದ ಶಬ್ದರೂಪಗಳನ್ನು ಕಂಠಪಾಠ ಮಾಡಿಸಿದ ನಾನು, ಮರೆವಿಗೆ ಅಭ್ಯಾಸವೇ ಮದ್ದೆಂದು ನಂಬಿದವನು. ಆದುದರಿಂದ ಪ್ರತಿದಿನ ಬೆಳಿಗ್ಗೆ ಕಾಫಿಯಾದೊಡನೆ ತಾಯಿಯವರ ಮುಂದೆ ಕುಳಿತು ಪ್ರಶ್ನೆಗಳನ್ನು ಕೇಳತೊಡಗಿದೆನು. “ಅವ್ವಾ, ಇವತ್ತು ಯಾವ ವಾರ? ನಾನು ಯಾರು? ನಿನಗೆ ಎಷ್ಟು ಜನ ಮೊಮ್ಮಕ್ಕಳು? ಅವರ ಹೆಸರು ಹೇಳು ನೋಡೋಣ.” ಮೊದಮೊದಲು ಅವರು ಪ್ರಯತ್ನಪಟ್ಟರು. ಬಳಿಕ ಉತ್ತರ ತಿಳಿಯದೆ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ನನ್ನ ಮುಖವನ್ನು ನೋಡುವರು. ಪಾಠ ಬಾರದ ಮಗುವಿನ ಆ ನೋಟವು ನನಗೆ ಚೆನ್ನಾಗಿ ಪರಿಚಿತವಾದುದು. ಆದರೂ ನಾನು ಬಿಡಲಿಲ್ಲ. ಎರಡು ತಿಂಗಳಾದ ಮೇಲೆ, ಬೆಳಗಿನ ಹೊತ್ತು ನನ್ನ ಹೆಜ್ಜೆಯ ಸದ್ದು ಕೇಳಿದೊಡನೆ ಅವರು ಎದ್ದು ಅಡಿಗೆಮನೆಯ ಕದದ ಹಿಂದೆ ನಿಲ್ಲತೊಡಗಿದರು. ಒಂದು ದಿನ ನಾನು ನಡುಮನೆಯಲ್ಲಿರುವುದನ್ನು ಅರಿಯದೆ, ನನ್ನ ಹೆಂಡತಿಯನ್ನು ಮೆಲ್ಲಗೆ ಕೇಳಿದರು: “ಆ ಮೇಷ್ಟ್ರು ಹೋದ್ರೇನವ್ವ?”

ಆ ಮಾತು ನನಗೆ ನಾಟಿತು. ತಾಯಿಗೆ ಮಗನಾಗಿ ಕಾಣಿಸದೆ ಹೋದುದು ರೋಗದಿಂದ. ಆದರೆ ಹೆದರಬೇಕಾದ ಮೇಷ್ಟ್ರಾಗಿ ಕಾಣಿಸಿದುದು ನನ್ನ ತಪ್ಪಿನಿಂದ. ಅಂದಿಗೆ ಪ್ರಶ್ನೆಗಳನ್ನು ನಿಲ್ಲಿಸಿದೆನು. ಬದಲಿಗೆ ಏನು ಮಾಡಬೇಕೆಂಬುದು ಮಾತ್ರ ತಿಳಿಯಲಿಲ್ಲ.

ಅದನ್ನು ತಿಳಿಸಿಕೊಟ್ಟುದು ಒಂದು ಪುಟ್ಟಿ ಅವರೆಕಾಯಿ. ಆ ವರ್ಷದ ಚಳಿಗಾಲದಲ್ಲಿ ನನ್ನ ಹೆಂಡತಿ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ತಾಯಿಯವರು ಒಳಗಿನಿಂದ ಬಂದು, ಯಾರೂ ಕರೆಯದಿದ್ದರೂ ಎದುರಿಗೆ ಕುಳಿತು, ಒಂದು ಹಿಡಿ ಕಾಯಿಯನ್ನು ಮಡಿಲಿಗೆ ಹಾಕಿಕೊಂಡರು. ಅವರ ಬೆರಳುಗಳು ಓಡತೊಡಗಿದುವು. ಹುಳು ಹಿಡಿದ ಕಾಳನ್ನು ಅತ್ತ, ಎಳೆಯದನ್ನು ಇತ್ತ, ಬಲಿತುದನ್ನು ತಟ್ಟೆಗೆ. ನನ್ನ ಹೆಂಡತಿ ಒಂದು ಕಾಯಿ ಸುಲಿಯುವಷ್ಟರಲ್ಲಿ ಅವರು ಎರಡನ್ನು ಸುಲಿದರು. ತಮ್ಮ ಮಗನ ಹೆಸರು ತಿಳಿಯದವರಿಗೆ ಹುಳು ಎಲ್ಲಿದೆಯೆಂಬುದು ಸಿಪ್ಪೆಯ ಮೇಲಿನಿಂದಲೇ ತಿಳಿಯುತ್ತಿದ್ದಿತು. ಒಂದು ಗಂಟೆಯ ಹೊತ್ತು ಅವರು ಯಾರನ್ನೂ ಏನನ್ನೂ ಕೇಳಲಿಲ್ಲ. ಅಂದು ಮಧ್ಯಾಹ್ನ ಹೊಟ್ಟೆ ತುಂಬ ಉಂಡರು.

ನಮ್ಮ ತಾರ್ಕಿಕರು ಸ್ಮೃತಿಯನ್ನೂ ಸಂಸ್ಕಾರವನ್ನೂ ಬೇರೆಬೇರೆಯಾಗಿ ಎಣಿಸಿದ್ದಾರೆ. ಅನುಭವವು ಆತ್ಮದಲ್ಲಿ ಬಿಟ್ಟುಹೋಗುವ ಅಚ್ಚು ಸಂಸ್ಕಾರ. ಅದು ಎಚ್ಚತ್ತು ‘ಇಂಥದನ್ನು ಕಂಡಿದ್ದೆ’ ಎಂದು ತೋರುವುದು ಸ್ಮೃತಿ. ವಿದ್ಯಾರ್ಥಿಗಳಿಗೆ ಇದನ್ನು ನಾನು ಎಷ್ಟೋ ಸಲ ಹೇಳಿದ್ದೆನು. ಅದರ ಅರ್ಥವನ್ನು ಕಂಡುದು ಆ ಜಗುಲಿಯಲ್ಲಿ. ಶಾಸ್ತ್ರಕಾರರು ಹೇಳಿದುದೂ ಇಂದಿನ ವೈದ್ಯರು ಹೇಳುವುದೂ ಒಂದೇ ಎಂದು ನಾನು ಸಾಧಿಸಹೊರಟಿಲ್ಲ. ಆದರೆ ವೈದ್ಯರೂ ಇಂಥದೊಂದು ಭೇದವನ್ನು ಕಂಡಿದ್ದಾರೆ. ೧೯೫೩ರಲ್ಲಿ ಅಮೆರಿಕದಲ್ಲಿ ಇಪ್ಪತ್ತೇಳು ವರ್ಷದ ಒಬ್ಬ ತರುಣನಿಗೆ ಮೂರ್ಛೆರೋಗದ ನಿವಾರಣೆಗಾಗಿ ಮೆದುಳಿನ ಎರಡು ಪಕ್ಕಗಳಲ್ಲಿಯೂ ಹಿಪೊಕ್ಯಾಂಪಸ್ ಎಂಬ ಭಾಗದ ಬಹ್ವಂಶವನ್ನು ತೆಗೆದುಹಾಕಿದರು. ಆ ಬಳಿಕ ಅವನಿಗೆ ಹೊಸದಾಗಿ ನಡೆದುದಾವುದೂ ನೆನಪಿನಲ್ಲಿ ನಿಲ್ಲದಾಯಿತು. ಬ್ರೆಂಡಾ ಮಿಲ್ನರ್ ಎಂಬ ವಿದುಷಿಯು ಅವನಿಂದ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಆಕಾರವನ್ನು ತಿದ್ದಿಸಿದಳು. ಮೂರು ದಿನಗಳಲ್ಲಿ ಅವನ ಕೈ ಚೆನ್ನಾಗಿ ಪಳಗಿತು. ಆದರೆ ಪ್ರತಿದಿನವೂ ಅವನು ಆ ಕೆಲಸವನ್ನು ತಾನು ಹಿಂದೆ ಮಾಡಿಯೇ ಇಲ್ಲವೆನ್ನುತ್ತಿದ್ದನು. ಸಂಗತಿಗಳ ನೆನಪಿಗೂ ಕೈಯ ಪಳಗಿಕೆಗೂ ಮೆದುಳಿನಲ್ಲಿ ಬೇರೆ ಬೇರೆ ನೆಲೆಗಳುಂಟೆಂಬುದು ಇದರಿಂದ ಕಂಡುಬಂದಿತು. ಆಲ್ಜೈಮರ್ ರೋಗವು ಸಾಮಾನ್ಯವಾಗಿ ಮೊದಲು ಹಿಡಿಯುವುದು ಸಂಗತಿಗಳ ನೆನಪಿನ ನೆಲೆಯನ್ನು. ಕೈಯ ಪಳಗಿಕೆಯು ಬಹುಕಾಲ ಉಳಿದಿರುತ್ತದೆ. ಹಾಗಿರುವಲ್ಲಿ, ಹೋದ ಸ್ಮೃತಿಯನ್ನು ದಿನವೂ ಕೆದಕಿ ನೋಯಿಸುವುದಕ್ಕಿಂತ, ಉಳಿದ ಸಂಸ್ಕಾರಕ್ಕೆ ಕೆಲಸ ಕೊಡುವುದು ಮೇಲಲ್ಲವೆ?

ಆದರೆ ಇದಕ್ಕೆ ನಮ್ಮ ಸಮಾಜದಲ್ಲಿ ಒಂದು ದೊಡ್ಡ ಅಡ್ಡಿಯಿದೆ. ಹಿರಿಯರಿಗೆ ಕೆಲಸ ಕೊಡದಿರುವುದೇ ಗೌರವವೆಂದು ನಾವು ತಿಳಿದಿದ್ದೇವೆ. ನಮ್ಮ ಮನೆಯಲ್ಲಿ ಒಂದು ಶುಭಕಾರ್ಯಕ್ಕೆ ಬಂದ ನೆಂಟರು, ತಾಯಿಯವರು ಮೊರದಲ್ಲಿ ಹುರುಳಿ ಹಸನುಮಾಡುತ್ತಿದ್ದುದನ್ನು ಕಂಡು, “ಮೇಷ್ಟ್ರು ಪಿಂಚಣಿ ಎಣಿಸಿಕೊಂಡು ಕೂತವರೆ, ಮುದುಕಮ್ಮನ ಕೈಗೆ ಮೊರ ಕೊಟ್ಟವರೆ” ಎಂದು ಕೇಳಿಸುವಂತೆಯೇ ಆಡಿಕೊಂಡರು. ನಾನು ನಾಚಿದೆನು. ಮೊರವನ್ನು ಅಟ್ಟದ ಮೇಲಿಡಿಸಿ, “ನೀನು ಸುಮ್ಮನೆ ಕೂತಿರವ್ವಾ” ಎಂದೆನು. ಆರು ದಿನ ಅವರು ಕುಳಿತರು. ಕುಳಿತಲ್ಲಿಯೇ ಸೆರಗಿನ ನೂಲನ್ನು ಒಂದೊಂದಾಗಿ ಕಿತ್ತರು. ಏಳನೆಯ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರು ಮನೆಯಲ್ಲಿರಲಿಲ್ಲ. ಹುಡುಕಿದಾಗ ಊರ ಹೊರಗಿನ ರಸ್ತೆಯಲ್ಲಿ ಬರಿಗಾಲಿನಲ್ಲಿ ನಡೆಯುತ್ತಿದ್ದರು. ಎಲ್ಲಿಗೆಂದು ಕೇಳಿದರೆ, “ಮನೆಗೆ, ಕೆಲಸ ಬಿದ್ದದೆ” ಎಂದರು. ಆ ಕತ್ತಲೆಯಲ್ಲಿ ವಾಹನಗಳು ಓಡಾಡುವ ದಾರಿ. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಏನಾಗುತ್ತಿದ್ದಿತೆಂಬುದನ್ನು ನೆನೆಯಲಾರೆ. ಈ ರೋಗದವರು ಸಂಜೆ ಕಳವಳಗೊಂಡು ಹೊರಡುವುದು ಅನೇಕ ಕಾರಣಗಳಿಂದ ಆಗುತ್ತದೆ. ಕೆಲಸವಿಲ್ಲದುದೊಂದೇ ಕಾರಣವೆಂದು ಹೇಳಲಾಗದು. ಆದರೂ ಮಾರನೆಯ ದಿನ ಮೊರವನ್ನು ಅಟ್ಟದಿಂದ ಇಳಿಸಿದೆನು. ಆಡುವವರು ಆಡಿಕೊಳ್ಳಲಿ.

ದುಡಿಸಿಕೊಳ್ಳುವುದಕ್ಕೂ ಕೆಲಸ ಕೊಡುವುದಕ್ಕೂ ಇರುವ ಅಂತರವನ್ನು ಮಾತ್ರ ಮರೆಯಬಾರದು. ದುಡಿಮೆಯಲ್ಲಿ ನಮ್ಮ ಕಣ್ಣು ಫಲದ ಮೇಲೆ. ಇಲ್ಲಿ ನಮ್ಮ ಕಣ್ಣು ಮಾಡುವವರ ಮುಖದ ಮೇಲೆ. ಹುರುಳಿಯಲ್ಲಿ ಕಲ್ಲು ಉಳಿದರೆ ಅವರು ಮಲಗಿದ ಮೇಲೆ ನಾವು ಆರಿಸಿಕೊಳ್ಳೋಣ. ಮಡಿಸಿದ ಬಟ್ಟೆ ಸೊಟ್ಟಗಾದರೆ ಸೊಟ್ಟಗೇ ಇರಲಿ. ಅವರು ಮಾಡಿದುದನ್ನು ಅವರೆದುರಿಗೆ ತಿದ್ದಬಾರದು. ನನ್ನಂಥ ಉಪಾಧ್ಯಾಯರಿಗೆ ಇದು ಕಷ್ಟದ ವ್ರತ. ಕೆಂಪುಮಸಿಯ ಲೇಖನಿಯನ್ನು ಮನಸ್ಸಿನಿಂದಲೇ ಕೆಳಗಿಡಬೇಕು.

ಕೆಲಸವನ್ನು ಕೊಡುವುದರಲ್ಲಿಯೂ ಒಂದು ಕ್ರಮವುಂಟು. ಇಟಲಿಯ ಮರಿಯಾ ಮಾಂಟೆಸೊರಿಯವರ ಹೆಸರನ್ನು ಶಿಶುವಿಹಾರಗಳ ಮೂಲಕ ಎಲ್ಲರೂ ಕೇಳಿದ್ದೀರಿ. ಆಕೆ ೧೯೩೯ರಲ್ಲಿ ಮದರಾಸಿನ ಅಡಿಯಾರಿಗೆ ಬಂದು, ಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲಿಯೇ ಕಳೆದು, ಕೊಡೈಕನಾಲಿನಲ್ಲಿಯೂ ಪಾಠಶಾಲೆ ನಡೆಸಿದವರು. ಅವರ ಪದ್ಧತಿಯನ್ನು ಅಮೆರಿಕದ ಕ್ಯಾಮರನ್ ಕ್ಯಾಂಪ್ ಎಂಬ ಮನಶ್ಶಾಸ್ತ್ರಜ್ಞರು ೧೯೯೦ರ ದಶಕದಲ್ಲಿ ಮರೆವಿನ ರೋಗದವರಿಗೆ ಅಳವಡಿಸಿದರು. ಅದರ ಸಾರವಿಷ್ಟು: ಕೆಲಸವು ಅವರ ಬಾಳಿಗೆ ಸಂಬಂಧಪಟ್ಟುದಾಗಿರಬೇಕು. ಅದನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆಯಬೇಕು. ಬಾಯಿಂದ ವಿವರಿಸುವುದಕ್ಕಿಂತ ಕೈಯಿಂದ ಮಾಡಿ ತೋರಿಸಬೇಕು. ತಪ್ಪಿದರೂ ಸೋತಂತಾಗಬಾರದು. ಹಿರಿಯರನ್ನು ಮಕ್ಕಳಂತೆ ಕಾಣುವುದು ಮಾತ್ರ ಇದರ ಅರ್ಥವಲ್ಲ. ಪದ್ಧತಿ ಶಿಶುವಿಹಾರದ್ದಾದರೂ ಮರ್ಯಾದೆ ಹಿರಿಯರದೇ ಆಗಿರಬೇಕು; ಬಣ್ಣದ ಆಟಿಕೆಗಳನ್ನು ಮುಂದಿಟ್ಟು ಚಪ್ಪಾಳೆ ತಟ್ಟುವುದರಿಂದ ಅವರಿಗೆ ಅವಮಾನವಾಗುತ್ತದೆ.

ನಮ್ಮ ಮನೆಯಲ್ಲಿ ರೂಢಿಗೆ ಬಂದುದನ್ನು ಹೇಳುತ್ತೇನೆ. ಬೆಳಿಗ್ಗೆ ಸ್ನಾನ ಉಪಾಹಾರಗಳಾದ ಮೇಲೆ ಬುದ್ಧಿ ತಿಳಿಯಾಗಿರುವ ಹೊತ್ತು. ಕೈಗೆಲಸಕ್ಕೆ ಅದೇ ಸಕಾಲ. ನನ್ನ ಹೆಂಡತಿ ತಾನು ಮೊದಲು ಕುಳಿತು ಕೆಲಸವನ್ನಾರಂಭಿಸಿ, “ಅತ್ತೆ, ಇದನ್ನೊಂದಿಷ್ಟು ನೋಡಿಕೊಡಿ” ಎನ್ನುತ್ತಾಳೆ. ‘ಮಾಡು’ ಎಂಬ ಮಾತಿಗಿಂತ ‘ನೋಡಿಕೊಡಿ’ ಎಂಬ ಮಾತು ಹೆಚ್ಚು ಕೆಲಸ ಮಾಡುತ್ತದೆ. ಅರಳೆಯಿಂದ ದೀಪದ ಬತ್ತಿ ಹೊಸೆಯುವುದು, ಸೊಪ್ಪು ಬಿಡಿಸುವುದು, ಬೆಳ್ಳುಳ್ಳಿಯ ಎಸಳು ಬಿಡಿಸುವುದು, ಕಾಳು ಹಸನುಮಾಡುವುದು, ಒಗೆದ ಬಟ್ಟೆ ಮಡಿಸುವುದು, ಬಾಳೆಯ ನಾರಿನಿಂದ ಸೇವಂತಿಗೆಯನ್ನು ಕಟ್ಟುವುದು, ಹಿತ್ತಲಿನ ಗಿಡಕ್ಕೆ ಚೊಂಬಿನಿಂದ ನೀರೆರೆಯುವುದು, ಇವುಗಳಲ್ಲಿ ದಿನಕ್ಕೆ ಒಂದೆರಡು ಸಾಕು. ಅರ್ಧ ಗಂಟೆಗೆ ಬೇಸರ ಬಂದರೆ ಅಲ್ಲಿಗೆ ಬಿಡುತ್ತೇವೆ. ‘ಏನು ಮಾಡುತ್ತೀರಿ?’ ಎಂದು ಕೇಳಿದರೆ ಅವರಿಗೆ ತೋಚದು, ‘ಬತ್ತಿಯೋ, ಹೂವೋ?’ ಎಂದು ಎರಡನ್ನು ಮುಂದಿಟ್ಟರೆ ಕೈ ತಾನಾಗಿ ಒಂದರ ಕಡೆಗೆ ಹೋಗುತ್ತದೆ.

ಗಂಡಸರಿಗೆ ಅವರವರ ವೃತ್ತಿಯನ್ನು ನೋಡಿ ಕೆಲಸವನ್ನು ಹುಡುಕಬೇಕು. ನಮ್ಮ ಬೀದಿಯ ಹಿರಿಯ ರೈತರೊಬ್ಬರು ಸಂಜೆಯಾದೊಡನೆ, ಎಂದೋ ಮಾರಿಹೋದ ಎತ್ತುಗಳನ್ನು ಕಟ್ಟಿಹಾಕಬೇಕೆಂದು ಎದ್ದು ಹೊರಡುತ್ತಿದ್ದರು. ‘ಎತ್ತು ಎಲ್ಲಿದಾವೆ ತಾತ, ಮಾರಿ ಹತ್ತು ವರ್ಷವಾಯಿತಲ್ಲ’ ಎಂದು ಮನೆಯವರು ಹೇಳಿದಷ್ಟೂ ಅವರಿಗೆ ರೇಗುತ್ತಿದ್ದಿತು. ಈಗ ಆ ಹೊತ್ತಿಗೆ ಮೊಮ್ಮಗನು ಅವರ ಮುಂದೆ ನಾರನ್ನು ತಂದಿಟ್ಟು, ‘ತಾತ, ಕಣ್ಣಿ ಸವೆದುಹೋಗಿದೆ’ ಎನ್ನುತ್ತಾನೆ. ಅವರು ಕುಳಿತು ಹಗ್ಗ ಹೊಸೆಯುತ್ತಾರೆ. ಲೆಕ್ಕ ಬರೆದವರಿಗೆ ಹಳೆಯ ಲೆಕ್ಕದ ಪುಸ್ತಕ, ಬಡಗಿಗೆ ಉಜ್ಜಲು ಮರದ ತುಂಡು, ಅಂಗಡಿಯವರಿಗೆ ವಿಂಗಡಿಸಲು ಚಿಲ್ಲರೆ ನಾಣ್ಯ. ಹೀಗೆ ಕೈಯ ಪೂರ್ವಕಥೆಯನ್ನು ವಿಚಾರಿಸಿದವರಿಗೆ ಕೆಲಸವು ಸಿಕ್ಕದೆ ಇರದು.

ಕೈಯಂತೆಯೇ ಕಿವಿಯ ಸಂಸ್ಕಾರವೂ ಆಳವಾದುದು. ನಮ್ಮ ಸೀಮೆಯವರು ಮಲೆಯ ಮಾದೇಶ್ವರನ ಕಥೆಯನ್ನು ಕಂಸಾಳೆಯವರ ಬಾಯಿಂದ ಕೇಳುತ್ತ ಬೆಳೆದವರು. ಮೂರು ಮಾತನ್ನು ಕೂಡಿಸಿ ಆಡಲಾರದ ತಾಯಿಯವರು, ಕಂಸಾಳೆಯ ತಾಳ ಕಿವಿಗೆ ಬಿದ್ದೊಡನೆ ಪದವನ್ನು ಹಿಡಿದು ಕಡೆಯ ಸೊಲ್ಲನ್ನು ಸರಿಯಾಗಿ ಸೇರಿಸುತ್ತಾರೆ. ಸೋಬಾನೆ, ಬೀಸುವಾಗಿನ ಹಾಡು, ಭಜನೆ, ಹಳೆಯ ಚಲಚ್ಚಿತ್ರದ ಗೀತೆ, ಯಾವುದು ಅವರ ಪ್ರಾಯದ ದಿನಗಳದೋ ಅದನ್ನು ಹಾಡಿ, ಇಲ್ಲವೆ ಮೊಬೈಲಿನಲ್ಲಿ ಕೇಳಿಸಿ. ಒಂದು ಹಾಡು ಮುಗಿದ ಮೇಲೆ ನಿಲ್ಲಿಸಬೇಕು. ದಿನವೆಲ್ಲ ದೂರದರ್ಶನದ ಪೆಟ್ಟಿಗೆಯನ್ನು ಕೂಗಿಸಿಟ್ಟರೆ ಅದು ಅವರ ಗೊಂದಲವನ್ನು ಹೆಚ್ಚಿಸುವುದಲ್ಲದೆ ಬೇರೆ ಫಲವಿಲ್ಲ. ಗಾದೆಯ ಮೊದಲ ಅರ್ಧವನ್ನು ನಾವು ಹೇಳಿ ಸುಮ್ಮನಾದರೆ ಉಳಿದರ್ಧವನ್ನು ಅವರು ಹೇಳುತ್ತಾರೆ. ‘ಕೈ ಕೆಸರಾದರೆ’ ಎಂದು ನಾನು ಹೇಳಿ ನಿಲ್ಲಿಸಿದರೆ, ‘ಬಾಯಿ ಮೊಸರು’ ಎಂಬ ಉತ್ತರವು ಇಂದಿಗೂ ಒಡನೆಯೆ ಬರುತ್ತದೆ, ನಗುವೂ ಬರುತ್ತದೆ. ಮರುಗ, ದವನ, ಸಂಪಿಗೆ, ಹಸಿ ಅರಿಸಿನ, ಇವುಗಳನ್ನು ಕೈಗಿತ್ತರೆ ಮೂಗಿನ ಮೂಲಕ ಎಂದೋ ಮರೆತ ಹಬ್ಬವೊಂದು ಮಾತಿಗೆ ಬರುವುದುಂಟು. ಅಳಗುಳಿಮಣೆಯ ಲೆಕ್ಕವು ಈಗ ಅವರಿಗೆ ಹತ್ತುವುದಿಲ್ಲ. ಆದರೆ ಗುಳಿಯಿಂದ ಗುಳಿಗೆ ಕಾಳು ಹಾಕುತ್ತ ಹೋಗುವುದು ಹತ್ತುತ್ತದೆ. ಸೋಲು ಗೆಲುವುಗಳನ್ನು ಬಿಟ್ಟು ಅಷ್ಟನ್ನೇ ಆಡುತ್ತೇವೆ.

ಹಾಗಾದರೆ ಅವರನ್ನು ಏನನ್ನೂ ಕೇಳಲೇಬಾರದೆ? ಕೇಳಬಹುದು, ಕೇಳುವ ಬಗೆ ಬೇರೆ. ಇಂಗ್ಲೆಂಡಿನಲ್ಲಿ ಎಯ್ಮಿ ಸ್ಪೆಕ್ಟರ್ ಎಂಬುವರೂ ಅವರ ಸಂಗಡಿಗರೂ ಈ ರೋಗದ ೨೦೧ ಮಂದಿಯ ಮೇಲೆ ನಡೆಸಿದ ಪ್ರಯೋಗದ ಫಲವನ್ನು ೨೦೦೩ರಲ್ಲಿ ಪ್ರಕಟಿಸಿದರು. ಕೆಲವರನ್ನು ವಾರಕ್ಕೆರಡು ಸಲ, ಮುಕ್ಕಾಲು ಗಂಟೆಯ ಹೊತ್ತು, ಏಳು ವಾರಗಳಲ್ಲಿ ಒಟ್ಟು ೧೪ ಸಲ ಗುಂಪಾಗಿ ಕೂಡಿಸಿ, ಆಟ, ಹಾಡು, ತಿಂಡಿತೀರ್ಥ, ಬಾಲ್ಯದ ಮಾತು ಮೊದಲಾದುವುಗಳಲ್ಲಿ ತೊಡಗಿಸಿದರು. ಹಾಗೆ ಕೂಡಿದವರ ಬುದ್ಧಿಯ ಚಟುವಟಿಕೆಯೂ ಬಾಳಿನ ನೆಮ್ಮದಿಯೂ ಉಳಿದವರಿಗಿಂತ ಉತ್ತಮವಾಗಿದ್ದುವು. ಆ ಪದ್ಧತಿಯ ಒಂದು ನಿಯಮವು ನನ್ನ ಕಣ್ಣು ತೆರೆಯಿಸಿತು: ಸಂಗತಿಯನ್ನು ಕೇಳಬೇಡಿ, ಅಭಿಪ್ರಾಯವನ್ನು ಕೇಳಿ. ‘ಈ ಹಣ್ಣಿನ ಹೆಸರೇನು?’ ಎಂಬುದಕ್ಕೆ ಸರಿಯುತ್ತರ ಒಂದೇ. ಅದು ಬಾರದಿದ್ದರೆ ಸೋಲು. ‘ಈ ಹಣ್ಣು ಸಿಹಿಯಾಗಿದೆಯೆ? ನಿಮಗೆ ಹಿಡಿಸಿತೆ?’ ಎಂಬುದಕ್ಕೆ ಅವರು ಹೇಳಿದ ಉತ್ತರವೆಲ್ಲ ಸರಿಯೆ. ನಾನು ಈಗ ತಾಯಿಯವರನ್ನು ಕೇಳುವ ಪ್ರಶ್ನೆಗಳು ಇಂಥವೇ: “ಈ ಹೂ ಚೆನ್ನಾಗಿದೆಯೆ? ಸಾರಿಗೆ ಖಾರ ಸಾಕೆ?” ಖಾರದ ವಿಷಯದಲ್ಲಿ ಅವರ ತೀರ್ಪು ಇಂದಿಗೂ ಖಂಡಿತವಾದುದು.

ಎಚ್ಚರಿಕೆಗಳನ್ನೂ ಹೇಳಬೇಕು. ಒಮ್ಮೆ ಆಡುವಾಗ ತಾಯಿಯವರು ಹುಣಿಸೆಬೀಜವನ್ನು ಬಾಯಿಗೆ ಹಾಕಿಕೊಂಡರು. ಹೊರಕ್ಕೆ ತೆಗೆಯಿಸುವಷ್ಟರಲ್ಲಿ ನಮ್ಮ ಜೀವ ಹೋಗಿ ಬಂದಿತು. ಅಂದಿನಿಂದ ಅವರನ್ನು ಸಣ್ಣ ವಸ್ತುಗಳೊಡನೆ ಒಂಟಿಯಾಗಿ ಬಿಡುವುದಿಲ್ಲ. ಈಳಿಗೆಮಣೆ, ಚಾಕು, ಉರಿಯುವ ಒಲೆ, ಔಷಧದ ಸೀಸೆ, ಹೊಲಕ್ಕೆ ಸಿಂಪಡಿಸುವ ವಿಷದ ಡಬ್ಬಿ, ಇವು ಕೈಗೆ ಎಟುಕಬಾರದು. ನೆಲ ಜಾರುವಂತಿರಬಾರದು, ಬೆಳಕು ಚೆನ್ನಾಗಿರಬೇಕು, ಕನ್ನಡಕವೂ ಕಿವಿಯ ಯಂತ್ರವೂ ಇದ್ದವರಿಗೆ ಅವನ್ನು ಹಾಕಿಸಿಯೇ ಕೆಲಸಕ್ಕೆ ಕುಳ್ಳಿರಿಸಬೇಕು. ಸಂಜೆಗೆ ಮೊದಲು ಜೊತೆಯಲ್ಲಿ ದೇವಸ್ಥಾನದವರೆಗೆ ನಡೆದು ಬಂದರೆ ಕಾಲಿಗೂ ಹಿತ, ನಿದ್ರೆಗೂ ಹಿತ. ಮನೆಯ ದೂರವಾಣಿಯ ಸಂಖ್ಯೆಯನ್ನು ಬರೆದ ಚೀಟಿಯನ್ನು ಉಡುಪಿಗೆ ಹೊಲಿದಿಡುವುದು ಒಳ್ಳೆಯದು. ರೇಗಿದಾಗ ವಾದಿಸಬಾರದು; ನೋವು, ಹಸಿವೆ, ಮಲಮೂತ್ರದ ಬಾಧೆ ಏನಾದರೂ ಉಂಟೆ ಎಂದು ಮೊದಲು ನೋಡಬೇಕು.

ರೋಗವು ಬಲಿತಂತೆಲ್ಲ ಕೆಲಸವೂ ಸಣ್ಣದಾಗುತ್ತ ಹೋಗುತ್ತದೆ. ಮಾಲೆ ಕಟ್ಟುತ್ತಿದ್ದವರು ಹೂವನ್ನು ಬುಟ್ಟಿಯಿಂದ ಬುಟ್ಟಿಗೆ ಹಾಕುವರು. ಆಮೇಲೆ ಹೂವನ್ನು ಹಿಡಿದು ಮೂಸುವರು. ಕಡೆಗೆ ಹಿಡಿಯುವುದಕ್ಕೂ ನಮ್ಮ ಕೈಯೇ ಬೇಕಾಗುವುದು. ಆಗ ಅಂಗೈಗೆ ಕೊಬ್ಬರಿಯೆಣ್ಣೆ ಹಚ್ಚಿ ಮೆಲ್ಲಗೆ ನೀವುವುದು, ತಲೆ ಬಾಚುವುದು, ಪಕ್ಕದಲ್ಲಿ ಕುಳಿತು ಪರಿಚಿತವಾದ ಹಾಡನ್ನು ಗುನುಗುವುದು, ಇವೇ ಚಟುವಟಿಕೆಗಳು.

ಈ ಮಾತುಗಳನ್ನು ಬರೆಯುವವನು ನಾನಾದರೂ ದಿನವೆಲ್ಲ ಜೊತೆಗಿರುವವಳು ನನ್ನ ಹೆಂಡತಿ. 大多 ಮನೆಗಳಲ್ಲಿಯೂ ಈ ಭಾರವು ಸೊಸೆಯ, ಇಲ್ಲವೆ ಮಗಳ ಹೆಗಲಿನ ಮೇಲೆಯೇ ಬೀಳುತ್ತದೆ. ಗಂಡಸರು ದಿನಕ್ಕೆ ಎರಡು ಗಂಟೆಯಾದರೂ ಆ ಹೆಗಲನ್ನು ಬದಲಿಸಬೇಕು. ಒಡಹುಟ್ಟಿದವರು ದೂರದೂರಿನಿಂದ ಉಪದೇಶವನ್ನು ಕಳುಹುವುದಕ್ಕೆ ಬದಲಾಗಿ ತಿಂಗಳಿಗೆ ನಾಲ್ಕು ದಿನ ಬಂದಿರಬೇಕು. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನಂಥ ಸಂಸ್ಥೆಗಳು ಇಂಥವರಿಗಾಗಿ ಆರೈಕೆಯ ಕೇಂದ್ರಗಳನ್ನು ನಡೆಸುತ್ತಿವೆ. ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ತಜ್ಞರ ಪರೀಕ್ಷೆಯುಂಟು. ಆ ಸಂಸ್ಥೆಯ ಜೊತೆಗೂಡಿ ರಾಜ್ಯಸರ್ಕಾರವು ೨೦೨೨ರಲ್ಲಿ ಮೆದುಳಿನ ಆರೋಗ್ಯಕ್ಕಾಗಿಯೇ ಒಂದು ಕಾರ್ಯಕ್ರಮವನ್ನು ಆರಂಭಿಸಿತು. ಹಿರಿಯರ ಸಹಾಯಕ್ಕೆ ೧೪೫೬೭ ಎಂಬ ಸಂಖ್ಯೆಯೂ, ಆರೈಕೆಮಾಡುವವರ ಮನಸ್ಸು ಬಳಲಿದಾಗ ಮಾತನಾಡಲು ೧೪೪೧೬ ಎಂಬ ಟೆಲಿ ಮಾನಸ್ ಸಂಖ್ಯೆಯೂ ಇವೆ. ಹಳ್ಳಿಯಲ್ಲಿ ಕೇಂದ್ರವಿಲ್ಲವೆಂದು ಕೊರಗಬೇಕಾಗಿಲ್ಲ. ನಾಲ್ಕು ಮನೆಯವರು ಮನಸ್ಸುಮಾಡಿದರೆ ಒಂದು ಜಗುಲಿಯೇ ಕೇಂದ್ರವಾಗುತ್ತದೆ.

ಇದರಿಂದ ರೋಗ ವಾಸಿಯಾಯಿತೆ ಎಂದು ನೀವು ಕೇಳಬಹುದು. ಇಲ್ಲ. ಹೋದ ವರ್ಷಕ್ಕಿಂತ ಈ ವರ್ಷ ತಾಯಿಯವರ ಮಾತು ಕಡಿಮೆಯಾಗಿದೆ. ನಾನು ಮಗನೆಂಬುದು ಅವರಿಗೆ ಮತ್ತೆ ನೆನಪಾಗಲಿಲ್ಲ. ಆಗುವುದೆಂದು ಈಗ ಕಾಯುತ್ತಲೂ ಇಲ್ಲ. ಆದರೆ ನನ್ನ ಹೆಜ್ಜೆಯ ಸದ್ದಿಗೆ ಅವರು ಕದದ ಹಿಂದೆ ನಿಲ್ಲುವುದಿಲ್ಲ. ಮೊನ್ನೆ ಜಗುಲಿಯ ಮೇಲೆ ಅವರ ಪಕ್ಕದಲ್ಲಿ ಕುಳಿತು ನಾನೂ ಅವರೆಕಾಯಿ ಸುಲಿಯುತ್ತಿದ್ದೆನು. ಕೆಲಸ ಮುಗಿದ ಮೇಲೆ ಅವರು ನನ್ನನ್ನು ನೋಡಿ, ಎರಡು ಕೈಯಲ್ಲಿಯೂ ಕಾಳನ್ನು ತುಂಬಿ, “ಮೇಷ್ಟ್ರೆ, ನಿಮ್ಮ ಮನೆಗೂ ಒಂದಿಷ್ಟು ತಕ್ಕೊಂಡು ಹೋಗಿ; ನಿಮ್ಮವ್ವನಿಗೆ ಕೊಡಿ” ಎಂದರು. ನಾನು ವಲ್ಲಿಯನ್ನು ಒಡ್ಡಿ ತೆಗೆದುಕೊಂಡೆನು.

ನಿಮ್ಮ ಮನೆಯ ಮೂಲೆಯಲ್ಲಿಯೂ ಇಂಥ ಹಿರಿಯರೊಬ್ಬರು ಸುಮ್ಮನೆ ಕುಳಿತಿದ್ದರೆ, ನಾಳೆ ಬೆಳಿಗ್ಗೆ ಅವರನ್ನು ಏನನ್ನೂ ಪರೀಕ್ಷಿಸಬೇಡಿರಿ. ಒಂದು ಪುಟ್ಟಿಯನ್ನು ಮುಂದಿಟ್ಟು, ಪಕ್ಕದಲ್ಲಿ ಕುಳಿತುಕೊಳ್ಳಿರಿ.